ನಿಂತಿದ್ದ ಬೈಕಿಗೂ ಇನ್ಶೂರೆನ್ಸ್ ಇಲ್ವಾ?

ಸಂಪಾದಕರೇ,

ಗುಡ್ಡದ ಇಳಿಜಾರಿನಲ್ಲಿ ವಾಟರ್ ಟ್ಯಾಂಕರ್ ಹಿಂದಕ್ಕೆ ಜಾರಿ ಬೈಕುಗಳನ್ನು ಉರುಳಿಸಿದ ಸುದ್ದಿಯನ್ನು ಫೋಟೊ ಸಮೇತ ಹಾಕಿದ್ದೀರಿ. ಫೋಟೊದಲ್ಲಿ ಟ್ಯಾಂಕರಿನ ಚಕ್ರದ ಪಕ್ಕ ಮಕಾಡೆ ಬಿದ್ದಿರುವ ಇಂಟರ್‌ಸೆಪ್ಟರ್ 650 ಬೈಕು ನನ್ನದು. ಹೆಚ್ಚಿನ ಹಾನಿ ಆಗಿಲ್ಲ ಅಂತ ನಿಮ್ಮ ವರದಿಗಾರರು ಬರೆದಿದ್ದಾರೆ. ಆಗಿದೆ ಸ್ವಾಮಿ. ಎಸ್ಟಿಮೇಟ್ 64 ಸಾವಿರ ಬಂದಿದೆ. ಇನ್ಶೂರೆನ್ಸ್ ಕಂಪನಿಯವರು ಒಂದು ಪೈಸೆನೂ ಕೊಡಲ್ಲ ಅಂತ ನಿನ್ನೆ ಸಂಜೆ ಮೇಲ್ ಕಳಿಸಿದ್ದಾರೆ.

ಕಾರಣ ಕೇಳಿ. ನನ್ನ ಬೈಕಿನಲ್ಲಿ ಕಂಪನಿಯ ಸೈಲೆನ್ಸರ್ ಇಲ್ಲವಂತೆ, ಏರ್ ಫಿಲ್ಟರ್ ಬೇರೆಯದಂತೆ. ಹೌದು, ಬೇರೆಯದೇ. ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಆದರೆ ಟ್ಯಾಂಕರ್ ಬಂದು ಗುದ್ದಿದಾಗ ಬೈಕು ಸೈಡ್ ಸ್ಟ್ಯಾಂಡ್ ಮೇಲೆ ನಿಂತಿತ್ತು, ಕೀ ನನ್ನ ಜೇಬಿನಲ್ಲಿತ್ತು, ನಾನು ಹೋಟೆಲಿನೊಳಗೆ ಕಾಫಿ ಕುಡಿಯುತ್ತಿದ್ದೆ. ಆಫ್ ಆಗಿ ನಿಂತಿದ್ದ ಬೈಕಿನ ಸೈಲೆನ್ಸರ್ ಯಾವ್ದಾದ್ರೇನು? ಒರಿಜಿನಲ್ ಸೈಲೆನ್ಸರ್ ಇದ್ದಿದ್ದರೆ ಟ್ಯಾಂಕರ್ ನೋಡಿ ಪಕ್ಕಕ್ಕೆ ಸರಿದು ಹೋಗುತ್ತಿತ್ತಾ?

ಹಾನಿ ಎಷ್ಟು ಅಂತ ನೋಡಲು ಇನ್ಶೂರೆನ್ಸ್ ಕಂಪನಿಯ ಕಡೆಯಿಂದ ಸರ್ವೇಯರ್ ಸಾಹೇಬರು ಗ್ಯಾರೇಜಿಗೆ ಬಂದಿದ್ದನ್ನು ನೀವು ನೋಡಬೇಕಿತ್ತು. ಮುಂದಿನ ಫೋರ್ಕ್ ಬಾಗಿದೆ, ಹೆಡ್‌ಲೈಟ್ ಪುಡಿಯಾಗಿದೆ, ಪೆಟ್ರೋಲ್ ಟ್ಯಾಂಕ್ ಒಂದು ಕಡೆ ಒಳಕ್ಕೆ ಹೋಗಿದೆ. ಅದಕ್ಕೆಲ್ಲ ದೂರದಿಂದಲೇ ಒಂದೊಂದು ಫೋಟೊ. ಆಮೇಲೆ ಪ್ಯಾಂಟು ಮೇಲೆ ಎಳೆದುಕೊಂಡು ಕುಕ್ಕರಗಾಲಲ್ಲಿ ಕೂತರು ನೋಡಿ, ಸೈಲೆನ್ಸರ್ ಮೇಲಿನ ಅಕ್ಷರಗಳನ್ನು ಬೆರಳಿನಿಂದ ಒರೆಸಿ ಒರೆಸಿ, ಮೊಬೈಲ್ ಟಾರ್ಚ್ ಬಿಟ್ಟು, ಹಿಂದಿನಿಂದ ಮುಂದಿನಿಂದ ಫೋಟೊ ಹೊಡೆದರು. ಸೈಡ್ ಪ್ಯಾನೆಲ್ ಬಿಚ್ಚಿಸಿ ಫಿಲ್ಟರ್ ತೆಗೆಸಿದರು. ಟ್ಯಾಂಕರಿನ ನಂಬರ್ ಎಷ್ಟು ಅಂತ ಮಾತ್ರ ಕೇಳಲಿಲ್ಲ.

ತಮಾಷೆ ಇರುವುದು ಮುಂದೆ. ಪಾಲಿಸಿ ಮಾಡಿಸುವಾಗ ಫಾರಂನಲ್ಲಿ ಆಕ್ಸೆಸರೀಸ್ ಬೆಲೆ ಎಷ್ಟು ಅಂತ ಒಂದು ಕಾಲಂ ಇರುತ್ತದೆ. ನಾನು ಸೈಲೆನ್ಸರ್ ಬಿಲ್ ನೋಡಿ 18 ಸಾವಿರ ಅಂತ ಹಾಕಿದ್ದೆ. ಅಷ್ಟೂ ಸೇರಿಸಿಯೇ ಪ್ರೀಮಿಯಂ ಲೆಕ್ಕ ಹಾಕಿದರು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಪಾರ್ಟ್ಸ್ ಹಳೇದಾಯಿತು ಅಂತ ಕ್ಲೇಮಿನಲ್ಲಿ ದುಡ್ಡು ಕಳೆಯದಿರುವ ಜೀರೊ ಡೆಪ್ ಬೇರೆ ಮಾಡಿಸಿ ಸರ್ ಅಂದರು, ಅದಕ್ಕೂ ಕಟ್ಟಿದೆ. ನಮ್ಮ ಬೈಕಿನಿಂದ ಬೇರೆಯವರಿಗೆ ಆಗುವ ಹಾನಿಗೆ ಅಂತ ಇರುವ ಥರ್ಡ್ ಪಾರ್ಟಿಯಂತೂ ಬೈಕ್ ತಗೊಂಡಾಗಲೇ ಐದು ವರ್ಷದ್ದು ಒಟ್ಟಿಗೆ ಕಟ್ಟಿಸಿಕೊಂಡಿದ್ದಾರೆ. ದುಡ್ಡು ತಗೊಳ್ಳುವಾಗ ಇಲ್ಲದ ತಕರಾರು ಕೊಡುವಾಗ ಎಲ್ಲಿಂದ ಬಂತು? ಫೋನ್ ಮಾಡಿದರೆ, ಸೀಟ್ ಕವರ್, ಕ್ರ್ಯಾಶ್ ಗಾರ್ಡ್ ಆದರೆ ಆಕ್ಸೆಸರಿ ಸರ್, ಸೈಲೆನ್ಸರ್ ಆದರೆ ಮಾಡಿಫಿಕೇಶನ್ ಸರ್ ಅಂತ ಒಂದು ಹುಡುಗಿ ಪಾಠ ಒಪ್ಪಿಸುತ್ತಾಳೆ. ಹೋಗಲಿ, ಹೆಚ್ಚಿಗೆ ದುಡ್ಡು ಕಟ್ಟುತ್ತೇನೆ, ಇಂಥ ಸೈಲೆನ್ಸರ್, ಫಿಲ್ಟರ್‌ನಂಥ ಪರ್ಫಾರ್ಮೆನ್ಸ್ ಪಾರ್ಟ್ಸಿಗೆ ಒಂದು ಪಾಲಿಸಿ ಕೊಡಿ ಅಂದರೆ ಅಂಥದ್ದು ನಮ್ಮಲ್ಲಿಲ್ಲ ಅಂತಾಳೆ. ನಮ್ಮ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಬೈಕಿಗೆ ಏನೇನು ಬದಲಾಯಿಸಿದ್ದೀರಿ ಅಂತ ಮೊದಲೇ ಕೇಳಿ, ಬರೆದುಕೊಂಡು, ಅದಕ್ಕೆ ತಕ್ಕಂತೆ ಪ್ರೀಮಿಯಂ ಹಾಕುತ್ತಾರಂತೆ. ನಮ್ಮವರು ಬೈಕ್ ನುಜ್ಜುಗುಜ್ಜಾದ ಮೇಲೆ ಕೇಳುತ್ತಾರೆ.

ಟ್ಯಾಂಕರ್ ಇನ್ಶೂರೆನ್ಸ್ ಮೇಲೆ ಕ್ಲೇಮ್ ಹಾಕಿ, ಅಪಘಾತ ಪರಿಹಾರದ ಟ್ರಿಬ್ಯೂನಲ್‌ಗೆ ಹೋಗಿ ಅಂತ ಕಂಪನಿಯವರ ಪುಕ್ಕಟೆ ಸಲಹೆ ಬೇರೆ. ವಕೀಲರನ್ನು ಹಿಡಿದು, ಕೋರ್ಟು ಸುತ್ತಿ ಆ ದುಡ್ಡು ಬರುವಷ್ಟರಲ್ಲಿ ಬೈಕು ಗುಜರಿಗೆ ಹೋಗಿರುತ್ತದೆ. ಹಾಗಾದ್ರೆ ನಾನು ಫುಲ್ ಇನ್ಶೂರೆನ್ಸ್ ಮಾಡಿಸಿದ್ದು ಯಾಕೆ? ಪಾಲಿಸಿ ಷರತ್ತು ಮುರಿದಿದ್ದರೂ 75 ಪರ್ಸೆಂಟ್ ತನಕ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಒಂದು ಕೇಸಿನಲ್ಲಿ ಹೇಳಿದೆ ಅಂತ ಪರಿಚಯದ ವಕೀಲರು ತೋರಿಸಿದರು. ಅದನ್ನು ಕಂಪನಿಗೆ ಮೇಲ್‌ನಲ್ಲಿ ಹಾಕಿದೆ. ನಿಮ್ಮ ಪತ್ರ ನಮಗೆ ಮುಖ್ಯ, ಧನ್ಯವಾದ ಅಂತ ಯಂತ್ರದ ಉತ್ತರ ಬಂತು.

ಇನ್ನು ಕಾನೂನು. ತಯಾರಕರು ಕೊಟ್ಟ ಹಾಗೇ ಗಾಡಿ ಇರಬೇಕು ಅಂತ 2019ರಲ್ಲಿ ಕೋರ್ಟ್ ಹೇಳಿದೆ, ಬದಲಾಯಿಸಿದರೆ ಒಂದೊಂದಕ್ಕೂ 5,000 ದಂಡ ಅಂತ ಅದೇ ವರ್ಷ ಕಾಯ್ದೆಗೂ ತಿದ್ದುಪಡಿ ಆಯಿತು. ಸರಿ. ಹಾಗಿದ್ದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸೈಲೆನ್ಸರ್‌ಗಳನ್ನು ಸಾಲಾಗಿ ನೇತುಹಾಕಿ, ಜಿಎಸ್‌ಟಿ ಬಿಲ್ ಹಾಕಿ ಹಾಡಹಗಲೇ ಹೇಗೆ ಮಾರುತ್ತಾರೆ? ಆ ತೆರಿಗೆ ಯಾರ ಜೇಬಿಗೆ ಹೋಗುತ್ತದೆ? ನನ್ನ ಆರ್‌ಸಿ ಕಾರ್ಡ್ ತಿರುವಿ ತಿರುವಿ ನೋಡಿದೆ. ಚಾಸಿ ನಂಬರ್, ಎಂಜಿನ್ ನಂಬರ್, ಬಣ್ಣ, ತೂಕ ಎಲ್ಲ ಇದೆ, ಸೈಲೆನ್ಸರ್ ಹೆಸರೇ ಇಲ್ಲ. ಹೊಸದು ಸ್ವಲ್ಪ ಹಗುರ, ತೂಕ ಕಡಿಮೆಯಾಯಿತು ಅಂತ ಬೇಕಾದರೆ ಅದಕ್ಕೂ ಒಂದು ಕೇಸು ಜಡಿಯಲಿ. ರಾತ್ರಿ ಪಟಾಕಿ ಸದ್ದು ಮಾಡಿಕೊಂಡು ಮಕ್ಕಳನ್ನು ಎಬ್ಬಿಸುವ ಹುಡುಗರ ಸೈಲೆನ್ಸರ್ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಲಿ, ನಾನೇ ನಿಂತು ಚಪ್ಪಾಳೆ ತಟ್ಟುತ್ತೇನೆ. ನನ್ನದು ಅಂಥದ್ದಲ್ಲ, ಒಳಗೆ ಸದ್ದು ತಡೆಯುವ ಡಿಬಿ ಕಿಲ್ಲರ್ ಇದೆ. ಬೀದಿಯವರನ್ನು ಕೇಳಿ ನೋಡಿ.

ತೆರಿಗೆ ಅಂದಾಗ ನೆನಪಾಯಿತು. ಲಕ್ಷ ದಾಟಿದ ಬೈಕಿಗೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ 18 ಪರ್ಸೆಂಟ್. ಅಷ್ಟು ಕಟ್ಟಿದವನಿಗೆ ಸಿಗುವ ರಸ್ತೆ ಇದು! ಕೇಬಲ್‌ಗೆ ಅಂತ ಅಗೆದ ಗುಂಡಿ ಮಳೆಗಾಲದಿಂದ ಹಾಗೇ ಇದೆ, ಟ್ಯಾಂಕರ್ ಹತ್ತಲಾಗದೆ ಹಿಂದಕ್ಕೆ ಬಂದದ್ದು ಅದೇ ಗುಂಡಿಯಿಂದ. ಬೆಳಿಗ್ಗೆ ಹೊತ್ತಲ್ಲಿ ಟ್ಯಾಂಕರ್ ಬಿಡಬೇಡಿ ಅಂತ ಬಡಾವಣೆಯವರೆಲ್ಲ ಸಹಿ ಹಾಕಿ ಕೊಟ್ಟ ಅರ್ಜಿ ಯಾವ ಕಪಾಟಿನಲ್ಲಿದೆಯೋ. ಒಂದು ಪಾಲಿಕೆ ಐದಾಯಿತು, ನಮ್ಮ ಗುಂಡಿ ಯಾರ ಪಾಲಿಗೆ ಬಂತು ಅಂತ ಹೇಳುವವರೇ ಇಲ್ಲ. ಹಿಂದೆ ಆರ್‌ಸಿಯಲ್ಲಿ ವಿಳಾಸ ಬದಲಾಯಿಸಲು ಹೋದಾಗಲೂ ಸರ್ವರ್ ಡೌನ್, ನಾಳೆ ಬನ್ನಿ. ಆ ನಾಳೆ ಬರಲಿಕ್ಕೆ ಬ್ರೋಕರ್ ಬೇಕಾಯಿತು.

ಈಗ ದಿನಾ ಎರಡು ಬಸ್ ಬದಲಾಯಿಸಿ ಕೆಲಸಕ್ಕೆ ಹೋಗುತ್ತಿದ್ದೇನೆ. ಗ್ಯಾರೇಜಿನವರು ಜಾಗ ಖಾಲಿ ಮಾಡಿ, ಇಲ್ಲ ಬಾಡಿಗೆ ಕೊಡಿ ಅನ್ನುತ್ತಿದ್ದಾರೆ. ಜೆ.ಪಿ. ನಗರದಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿಗೂ ಹೋಗುತ್ತೇನೆ, ಬಿಡುವುದಿಲ್ಲ. ಆದರೆ ಅದಕ್ಕೆ ಮೊದಲು ಕಂಪನಿಗೆ ದೂರು ಬರೆದು ಒಂದು ತಿಂಗಳು ಕಾಯಬೇಕಂತೆ.

ಸಂಬಂಧಪಟ್ಟವರು, ಅವರು ಯಾರೇ ಇರಲಿ, ಒಂದೋ ಆ ಪಾರ್ಟ್ಸ್ ಅಂಗಡಿಗಳನ್ನು ಮುಚ್ಚಿಸಲಿ, ಇಲ್ಲ ಆ ಪಾರ್ಟ್ಸಿಗೆ ಇನ್ಶೂರೆನ್ಸ್ ಕೊಡಿಸಲಿ. ಗುಂಡಿಯನ್ನೂ ಮುಚ್ಚಲಿ. ಟ್ಯಾಂಕರಿನವರನ್ನು ಕರೆದು ನಾಲ್ಕು ಮಾತು ಕೇಳಲಿ. ಏನೂ ಆಗದಿದ್ದರೆ ಕಡೇಪಕ್ಷ ಆ ಫಾರಂನಲ್ಲಿರುವ ಆಕ್ಸೆಸರೀಸ್ ಕಾಲಂ ತೆಗೆದುಹಾಕಲಿ, ಸುಮ್ನೆ ಯಾಕೆ ಬರೆಸಿಕೊಳ್ಳಬೇಕು? ಸಂಬಳ ತಗೊಂಡು ಕೂತಿರುವವರಿಗೆ ಇಷ್ಟಾದರೂ ನಾಚಿಕೆ ಬೇಡವೇ?

— ನೊಂದ ಬೈಕ್ ಮಾಲೀಕ, ಬೆಂಗಳೂರು