ಶನಿವಾರ ಸ್ಕೈಬೋಲ್ಟ್ ಬಾಲದ ಕೋನಗಳ ಹೊಂದಾಣಿಕೆ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 8 ಗಂಟೆಗೆ ಹ್ಯಾಂಗರಿನಲ್ಲಿ (ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ) ನಮ್ಮ ಎರಡು ಅಂತಸ್ತಿನ ರೆಕ್ಕೆಯ ಪುಟ್ಟ ವಿಮಾನ ಸ್ಕೈಬೋಲ್ಟ್‌ನ ಬಾಲದ ಕೋನಗಳನ್ನು ಹೊಂದಿಸುತ್ತೇವೆ. ಬಾಲದ ಕೆಲಸ ವಹಿಸಿಕೊಂಡ ನಾಲ್ವರೂ ಬರಲೇಬೇಕು.

ಮೊದಲು ಒಡಲಿನ ಉದ್ದಕ್ಕೂ ಹೋಗುವ ಮೇಲಿನ ಕೊಳವೆಗಳಾದ ಲಾಂಜೆರಾನ್‌ಗಳನ್ನು ಉದ್ದಕ್ಕೂ ಅಡ್ಡಕ್ಕೂ ಮಟ್ಟಕ್ಕೆ ತಂದು, ಡಿಜಿಟಲ್ ಲೆವೆಲ್ಲನ್ನು ಅಲ್ಲಿಯೇ ಸೊನ್ನೆಗೆ ಇಡಬೇಕು. ಹ್ಯಾಂಗರಿನ ನೆಲವನ್ನು ನಂಬಬೇಡಿ, ಅದು ಬಾಗಿಲ ಕಡೆಗೆ ಇಳಿಜಾರಾಗಿದೆ. ಆಮೇಲೆ ಸ್ಟೆಬಿಲೈಸರಿನ (ಬಾಲದ ಅಡ್ಡ ರೆಕ್ಕೆಯ) ಕೋನವನ್ನು ಎಡಬಲ ಎರಡೂ ಕಡೆ ಅಳೆದು ನಕ್ಷೆಯ ಅಂಕಿಗೆ ಸರಿಹೊಂದಿಸೋಣ. ಎರಡು ಬದಿಗಳ ನಡುವಿನ ವ್ಯತ್ಯಾಸವೇ ನನಗೆ ಹೆಚ್ಚು ಚಿಂತೆ. ತಿರುಚಿದ ಬಾಲ ವಿಮಾನವನ್ನು ಒಂದು ಪಕ್ಕಕ್ಕೆ ವಾಲಿಸಲು ನೋಡುತ್ತದೆ. ಬಾಲವನ್ನು ಎಳೆದು ಹಿಡಿಯುವ ತಂತಿಗಳನ್ನು ಎರಡೂ ಕಡೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಲಾಕ್‌ನಟ್ (ಸಡಿಲವಾಗದಂತೆ ತಡೆಯುವ ನಟ್) ಹಾಕುವ ಮೊದಲು, ತಂತಿಯ ತುದಿಯ ತಿರುಪಿನ ಎಳೆಗಳು ಅದನ್ನು ಕೂರಿಸಿದ ಕೊಂಡಿಯ ತಪಾಸಣಾ ರಂಧ್ರವನ್ನು ದಾಟಿವೆಯೇ ಎಂದು ಇಬ್ಬರು ನೋಡಲಿ.

ಬಿಚ್ಚುವಾಗ ತೆಗೆದ ಅಳತೆಗಳ ಫೋಟೋ ಇದ್ದವರು ಗುರುವಾರದೊಳಗೆ ಇಲ್ಲಿ ಹಾಕಿ. ಬರುವವರು ಇಂದೇ ತಿಳಿಸಿ.