ಓಡಿದ್ದೆಷ್ಟು, ಓಡಿಸಿದ್ದೆಷ್ಟು: ಕಪಾಲಿ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಸೀನ,

ಅಷ್ಟು ಜನ ಸೇರುತ್ತಿದ್ದ ಬೆಂಗಳೂರು ಗಾಂಧಿನಗರದ ಕಪಾಲಿ ಟಾಕೀಸನ್ನು ಯಾಕಪ್ಪಾ ಕೆಡವಿದರು ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ, ಅದಕ್ಕೇ ಬರೀತಿದ್ದೇನೆ.

ಆ ಏರಿಯಾದ ಲೆಕ್ಕವೇ ಬೇರೆ ಕಣೋ. ಪಕ್ಕದಲ್ಲೇ ಸಿಟಿ ರೈಲ್ವೆ ಸ್ಟೇಷನ್. ಆಮೇಲೆ ಧರ್ಮಾಂಬುಧಿ ಕೆರೆ ಬತ್ತಿದ ಜಾಗದಲ್ಲಿ ಬಸ್ ಸ್ಟ್ಯಾಂಡೂ ಬಂತು. ಊರಿಂದ ಬಂದವರು ಕೋರ್ಟು, ಕಚೇರಿ ಕೆಲಸ ಮುಗಿಸಿ, ರಾತ್ರಿ ಬಸ್ಸಿನ ತನಕ ಹೊತ್ತು ಕಳೆಯೋಕೆ ಸಿನಿಮಾಕ್ಕೆ ನುಗ್ಗುತ್ತಿದ್ದರು. ಕೆ.ಜಿ. (ಕೆಂಪೇಗೌಡ) ರಸ್ತೆಯ ಆಸುಪಾಸಿನಲ್ಲಿ ಸಾಗರ್, ಸ್ಟೇಟ್ಸ್, ಗೀತಾ, ಹಿಮಾಲಯ, ಅಲಂಕಾರ್, ತ್ರಿಭುವನ್, ನರ್ತಕಿ, ಸಂತೋಷ್ ಅಂತ ಸಾಲುಸಾಲು ಟಾಕೀಸು. ಅಲ್ಲೇ ಇದ್ದ ಮೆಜೆಸ್ಟಿಕ್ ಟಾಕೀಸಿನ ಹೆಸರು ಇಡೀ ಏರಿಯಾಗೇ ಬಿತ್ತು. ಈಗಲೂ ಬಸ್ ಬೋರ್ಡಿನಲ್ಲಿ ಮೆಜೆಸ್ಟಿಕ್ ಅಂತಲೇ ಇದೆ.

ಕಪಾಲಿ ಶುರುವಾಗಿದ್ದು 1968ರಲ್ಲಿ, ಸುಬೇದಾರ್ ಛತ್ರಂ ರಸ್ತೆಯಲ್ಲಿ. ಆಗ ಉಪಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಬಂದು ಉದ್ಘಾಟಿಸಿದ್ದರು. ಸಾವಿರಕ್ಕೂ ಜಾಸ್ತಿ ಸೀಟು, ಜೊತೆಗೆ ಸಿನೆರಾಮಾ ಪರದೆ. ಈ ಸಿನೆರಾಮಾ 1952ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದದ್ದು. ಮೂರು ಪ್ರೊಜೆಕ್ಟರ್ ಒಟ್ಟಿಗೆ ಓಡಿಸಿ, ಬಾಗಿದ ಪರದೆಯ ಮೇಲೆ ಮೂರು ಚಿತ್ರವನ್ನು ಒಂದಾಗಿ ಕೂಡಿಸುತ್ತಿದ್ದರು. ಕಪಾಲಿ ಬರೋ ಹೊತ್ತಿಗೆ ಆ ರಗಳೆ ಹೋಗಿ 70 ಎಂಎಂ ರೀಲಿನಲ್ಲೇ ಕೆಲಸ ನಡೀತಿತ್ತು. ಮುಂದಿನ ಸಾಲಿನಲ್ಲಿ ಕೂತರೆ ಹೀರೋನ ಮುಖ ನೋಡೋಕೆ ಒಂದು ಕಡೆ, ವಿಲನ್ ಮುಖ ನೋಡೋಕೆ ಇನ್ನೊಂದು ಕಡೆ ಕತ್ತು ತಿರುಗಿಸಬೇಕಿತ್ತು, ನೆನಪಿದೆಯಾ?

ಟಿಕೆಟ್ ತಗೊಳ್ಳೋದಂತೂ ಯುದ್ಧವೇ. ಕಬ್ಬಿಣದ ಕಂಬಿಗಳ ನಡುವೆ ಒಬ್ಬರೇ ಹಿಡಿಸೋ ಕ್ಯೂ. ಕೊನೆಗೆ ಮುಷ್ಟಿ ಹಿಡಿಸುವಷ್ಟೇ ದೊಡ್ಡ ಕಿಂಡಿ. ಒಳಗೆ ಕೈ ಹಾಕಿದರೆ ದುಡ್ಡು ಕಿತ್ತುಕೊಂಡು, ತೆಳ್ಳನೆ ಬಣ್ಣದ ಚೀಟಿ ತುರುಕುತ್ತಿದ್ದರು. ಅಷ್ಟರಲ್ಲಿ ಅಂಗಿಯ ಗುಂಡಿ ಹೋಗಿರುತ್ತಿತ್ತು. 'ಓಂ' 1995ರಲ್ಲಿ ಬಂದದ್ದು. ಆಮೇಲೂ ಕಪಾಲಿಯಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದರು. ಪ್ರತಿ ಸಲವೂ ಹೊಸ ಚಿತ್ರದ ಹಾಗೇ ಗಲಾಟೆ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಜನರನ್ನೇ ನೋಡಿ ನಾವು ಮೋಸ ಹೋದದ್ದು. ಒಳಗಿನ ವ್ಯಾಪಾರ ನಿಂತಿದ್ದು ಬಾಡಿಗೆಯ ಮೇಲೆ. ಮಲ್ಟಿಪ್ಲೆಕ್ಸಿನಲ್ಲಿ ಬಂದ ಕಲೆಕ್ಷನ್‌ನಲ್ಲಿ ಶೇಕಡಾ ಇಷ್ಟು ಅಂತ ಪಾಲು. ಕಪಾಲಿಯಂಥ ಟಾಕೀಸಿನಲ್ಲಿ ಹಾಗಲ್ಲ, ವಾರಕ್ಕೆ ಇಷ್ಟು ಅಂತ ನಿರ್ಮಾಪಕರು ಬಾಡಿಗೆ ಕಟ್ಟಬೇಕಿತ್ತು. ಕನ್ನಡ ಚಿತ್ರ ಅಂದಮೇಲೆ ಕೆ.ಜಿ. ರಸ್ತೆ ಕಡೆ ಒಂದು 'ಮೇನ್ ಥಿಯೇಟರ್' ಬೇಕೇ ಬೇಕು. ಕಟೌಟು, ಹೂವಿನ ಹಾರ, ಹಾಲಿನ ಅಭಿಷೇಕ ಎಲ್ಲಾ ಅಲ್ಲೇ. ನೂರು ದಿನದ ಪೋಸ್ಟರ್ ಬೀಳಬೇಕಾದದ್ದೂ ಅಲ್ಲೇ. ಹಾಗಾಗಿ ಸೀಟು ಖಾಲಿ ಹೊಡೆದರೂ ಕೈಯಿಂದ ಬಾಡಿಗೆ ಕಟ್ಟಿ ಎಳೆಯೋದು. 1972ರಲ್ಲಿ 'ಬಂಗಾರದ ಮನುಷ್ಯ' ಸ್ಟೇಟ್ಸ್‌ನಲ್ಲಿ ವರ್ಷ ದಾಟಿ ನಡೀತಲ್ಲ, ಅದು ಓಡಿದ್ದು. ಆಮೇಲಿನ ಎಷ್ಟೋ ನೂರು ದಿನಗಳು ಓಡಿದ್ದಲ್ಲ, ಓಡಿಸಿದ್ದು. ನನಗಂತೂ ಈ ಬಗ್ಗೆ ಅನುಮಾನವೇ ಇಲ್ಲ.

2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ಪರದೆಯ ಪಿವಿಆರ್ ಮಲ್ಟಿಪ್ಲೆಕ್ಸ್ ಬಂತು. ಇನ್ನೂರು ಜನ ಬಂದರೆ ಅಲ್ಲಿ ಹಾಲ್ ತುಂಬಿದ ಹಾಗೆ. ಕಪಾಲಿಯಲ್ಲಿ ಅದೇ ಇನ್ನೂರು ಜನ ಕೂತರೆ ಬಾಲ್ಕನಿಯಿಂದ ನೋಡೋಕೇ ಬೇಜಾರು. ಸಾವಿರ ಸೀಟಿನ ಕರೆಂಟು, ಕೂಲಿ, ರಿಪೇರಿ ಮಾತ್ರ ಕಮ್ಮಿ ಆಗಲ್ಲ. ಇತ್ತ ಗಾಂಧಿನಗರದ ಜಾಗದ ಬೆಲೆ ಏರ್ತಾನೇ ಇತ್ತು. 2017ರಲ್ಲಿ ಕಪಾಲಿ ಬಾಗಿಲು ಹಾಕಿತು, ಕಟ್ಟಡವೂ ಹೋಯಿತು. ಮಾಲೀಕರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ನಾವೂ ಆಗಲೇ ಮಾಲ್ ಹಿಡಿದಿದ್ದೆವು, ಅಲ್ವಾ?

ನಿಮ್ಮಣ್ಣ ಒಂದಷ್ಟು ದಿನ ಗಾಂಧಿನಗರದಲ್ಲಿ ಡಿಸ್ಟ್ರಿಬ್ಯೂಟರ್ ಆಫೀಸಿನಲ್ಲಿದ್ದರಲ್ಲ. ಆಗ ಕಪಾಲಿಗೆ ವಾರದ ಬಾಡಿಗೆ ಎಷ್ಟಿತ್ತು ಅಂತ ಕೇಳಿ ಬರಿ. ಯಾರ್ಯಾರ ನೂರು ದಿನ ಯಾರ ಜೇಬಿನಿಂದ ನಡೀತು ಅನ್ನೋದೂ ಅವರಿಗೆ ಗೊತ್ತಿರುತ್ತೆ. ಹೆಸರು ಹೇಳಲ್ಲ ಅಂದರೆ ಬಿಡು, ಬಾಡಿಗೆ ಹೇಳಿದರೂ ಸಾಕು.

ನಿನ್ನ,
ರಾಜು