ಪೋರ್ಟ್ ಬ್ಲೇರ್‌ನಿಂದ ಗದಗಿನ ಗೆಳೆಯನಿಗೆ

ಪ್ರೀತಿಯ ಬಸು,

"ರವಿವಾರ ಏನ್ ಮಾಡ್ತೀರಿ ಅಲ್ಲಿ?" ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಅಷ್ಟರಲ್ಲಿ ಲೈನ್ ಹೋಯಿತು. ಒಂದು ಮಾತಿನಲ್ಲಿ ಮುಗಿಯುವ ಉತ್ತರವೂ ಅಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಡೆಯುತ್ತೇವೆ. ಶನಿವಾರ ರಾತ್ರಿಯೇ ಬುತ್ತಿಗೆ ತಯಾರಿ, ರವಿವಾರ ನಸುಕಿಗೆ ಮನೆ ಬಿಡುವುದು. ಇಲ್ಲಿ ಗಡಿಯಾರ ನಿಮ್ಮದೇ, ಸೂರ್ಯ ಮಾತ್ರ ಬೇರೆ. ನಾವು ಪೂರ್ವಕ್ಕೆ ಅಷ್ಟು ದೂರ ಇರುವುದರಿಂದ ಹೊತ್ತು ಗದಗಿಗಿಂತ ಒಂದು ತಾಸಿಗೂ ಜಾಸ್ತಿ ಮೊದಲು ಹುಟ್ಟುತ್ತದೆ, ಮೊದಲೇ ಮುಳುಗುತ್ತದೆ. ಡಿಸೆಂಬರಿನಲ್ಲಿ ಸಂಜೆ 5ಕ್ಕೆಲ್ಲ ದೀಪ ಹಚ್ಚಬೇಕು. ಬಂದ ಹೊಸದರಲ್ಲಿ ಸುಮಾಗೆ ಇದು ತುಂಬ ಕಷ್ಟ ಆಯಿತು. ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಕತ್ತಲೆ. ಗುರುತಿನವರಿಲ್ಲ, ಕಟ್ಟೆಗೆ ಕೂತು ಮಾತಾಡುವವರಿಲ್ಲ. ಸಂಜೆ ಸಿಗದ ಊರಲ್ಲಿ ಮುಂಜಾನೆಯನ್ನಾದರೂ ಬಿಡಬಾರದು ಅಂತ ಅವಳೇ ಈ ತಿರುಗಾಟ ಶುರುಮಾಡಿಸಿದಳು.

ಮೊದಲು ಹೋದದ್ದು ಮೌಂಟ್ ಹ್ಯಾರಿಯಟ್‌ಗೆ. 2021ರಿಂದ ಅದರ ಹೆಸರು ಮೌಂಟ್ ಮಣಿಪುರ. 1891ರ ಯುದ್ಧದ ನಂತರ ಬ್ರಿಟಿಷರು ಮಣಿಪುರದ ರಾಜ ಮನೆತನದವರನ್ನು ಇಲ್ಲಿಗೆ ಗಡೀಪಾರು ಮಾಡಿದ್ದರು, ಅವರ ನೆನಪಿಗೆ ಆ ಹೆಸರು. (ಊರಿನ ಹೆಸರೂ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ, ಜನರ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರೇ.) ಚಾಥಮ್‌ನಲ್ಲಿ ಬೈಕ್ ಸಮೇತ ದೊಡ್ಡ ದೋಣಿ ಹತ್ತಿ, ಆಚೆ ಬ್ಯಾಂಬೂ ಫ್ಲಾಟ್‌ನಲ್ಲಿ ಇಳಿದು ಗುಡ್ಡ ಏರಬೇಕು. ಎತ್ತರ 400 ಮೀಟರ್ ಕೂಡ ಇಲ್ಲ. ನಮ್ಮ ಗದಗ ಪೇಟೆಯೇ ಸಮುದ್ರ ಮಟ್ಟದಿಂದ 600 ಮೀಟರಿಗಿಂತ ಮೇಲಿದೆ, ಗೊತ್ತಲ್ಲ. ಆದರೆ ಇಲ್ಲಿ ನೀರಿನ ಅಂಚಿನಿಂದಲೇ ಏರು ಶುರು, ಒಂದೊಂದು ಮೀಟರೂ ಕಾಲಿಗೆ ತಿಳಿಯುತ್ತದೆ.

ದಾರಿಯಲ್ಲಿ ಒಂದು ಕಡೆ ತೆಂಗಿನ ಮರಗಳ ಆಚೆ ಸಮುದ್ರ, ನಾರ್ತ್ ಬೇ ಲೈಟ್‌ಹೌಸ್ ಕಾಣುತ್ತದೆ. ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂದೆ ಇರುವ ಚಿತ್ರ ಇದೇ. ಮಗಳು ನೋಟು ಹಿಡಿದು ಒಂದು ಕಣ್ಣು ಮುಚ್ಚಿದಳು. ನೋಟಿನ ದಂಡೆಯನ್ನೂ ನಿಜವಾದ ದಂಡೆಯನ್ನೂ ಒಂದೇ ಗೆರೆಗೆ ತರಬೇಕು ಅಂತ ಹಟ. ಕೈ ನಡುಗಿದರೆ ಮತ್ತೆ ಮೊದಲಿನಿಂದ. ಅಷ್ಟು ಹೊತ್ತು ಅವಳು ಸುಮ್ನೆ ನಿಂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಈಗ ನಿನಗೆ ಮಾತ್ರ ಅರ್ಥ ಆಗುವ ಸಂಗತಿ ಹೇಳುತ್ತೇನೆ. ಇಲ್ಲಿನ ಕಾಡಿನಲ್ಲಿ ದೂರ ಕಾಣುವುದಿಲ್ಲ. ಪಡೌಕ್, ಗರ್ಜನ್ ಅಂತ ಭಾರಿ ಮರಗಳು. ಕೆಲವು ಮರಗಳ ಬೇರು ನೆಲದಿಂದ ಎದ್ದು ನಮ್ಮ ಎದೆಮಟ್ಟ ಬರುತ್ತವೆ. ನಡುವೆ ಬಳ್ಳಿ, ಬೆತ್ತ. ಹತ್ತು ಹೆಜ್ಜೆ ಆಚೆ ಏನಿದೆ ಅಂತ ತಿಳಿಯುವುದಿಲ್ಲ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಕಪ್ಪತಗುಡ್ಡದಲ್ಲಿ ಬೆಳೆದ ಕಾಲುಗಳಿವು. ಗಾಳಿಗುಂಡಿ ಬಸವಣ್ಣನ ಗುಡಿಯ ಹತ್ತಿರ ನಿಂತರೆ ಗಾಳಿಯಂತ್ರಗಳು, ಅವುಗಳ ಕೆಳಗೆ ಎರೆ ಹೊಲ, ಅದರಾಚೆ ಮತ್ತೆ ಹೊಲ. ಆ ಬಯಲು ಕಾಣದೆ ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಯಾರಿಗೆ ಹೇಳಲಿ? ಇಷ್ಟು ಹಸಿರಿನ ನಡುವೆ ಇದ್ದುಕೊಂಡು ಇದು ಯಾವ ಕೊರಗು ಅಂದಾರು.

ಅದು ಕಡಿಮೆಯಾದದ್ದು ಮುಂಡಾ ಪಹಾಡ್‌ನಲ್ಲಿ. ಊರಿನಿಂದ 25 ಕಿಲೋಮೀಟರ್ ದಕ್ಷಿಣಕ್ಕೆ ಚಿಡಿಯಾ ಟಾಪು ಇದೆ. ಅಲ್ಲಿ ಬೈಕ್ ನಿಲ್ಲಿಸಿ ಕಾಡಿನ ಕಾಲುದಾರಿ ಹಿಡಿಯಬೇಕು. ಹಾದಿ ದೊಡ್ಡದಲ್ಲ, ಬೆವರು ಮಾತ್ರ ವಿಪರೀತ. ಕೊನೆಗೆ ಮರಗಳು ತಟ್ಟನೆ ಮುಗಿದು ಹುಲ್ಲಿನ ದಿಬ್ಬ ಬರುತ್ತದೆ. ಮುಂದೆ ಬರೀ ಸಮುದ್ರ. ಗಾಳಿ ಎಷ್ಟು ಜೋರು ಅಂದರೆ ಮಾತು ಕೇಳುವುದಿಲ್ಲ. ಅಲ್ಲಿ ಕೂತು ಬುತ್ತಿ ಬಿಚ್ಚಿದೆವು. ಅವ್ವ ಕಳಿಸಿದ ಖಡಕ್ ರೊಟ್ಟಿ ಇಲ್ಲಿನ ಹವೆಗೆ ಒಂದೇ ರಾತ್ರಿಗೆ ಮೆತ್ತಗಾಗಿತ್ತು. ಮುರಿದರೆ ಸದ್ದೇ ಇಲ್ಲ, ಮಡಚಬಹುದು. ಅದನ್ನೇ ಶೇಂಗಾ ಚಟ್ನಿ ಹಚ್ಚಿ ಸುತ್ತಿ ತಿಂದೆವು. ಕಣ್ಣಿಗೆ ಅಡ್ಡ ಏನೂ ಇರಲಿಲ್ಲ. ಇಲ್ಲಿ ಇರಬಹುದು ಅನ್ನುವ ಧೈರ್ಯ ಬಂದದ್ದು ಆವತ್ತು.

ಇಲ್ಲೇ ಹತ್ತಿರ ಇರುವ ಸಿಪ್ಪಿಘಾಟ್ ಬಗ್ಗೆಯೂ ಹೇಳಲೇಬೇಕು, ನೀನು ಹೊಲ ಮಾಡುವವನು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರ್ ಕುಸಿಯಿತು. ಸುನಾಮಿ ಬಂತು, ಹೋಯಿತು. ಆದರೆ ಕುಸಿದ ನೆಲ ಮೇಲೆ ಬರಲಿಲ್ಲ. ಹೊಲಕ್ಕೆ ನುಗ್ಗಿದ ಉಪ್ಪುನೀರು ಅಲ್ಲೇ ನಿಂತಿತು. ಈಗ ಅಲ್ಲಿ ಬೆಳ್ಳಕ್ಕಿಗಳು, ನೀರುಕೋಳಿಗಳು. ಹಕ್ಕಿ ನೋಡುವವರು ದೂರದಿಂದ ಬರುತ್ತಾರೆ. ನಾವೂ ಹಕ್ಕಿ ನೋಡಲೆಂದೇ ಹೋಗಿದ್ದೆವು. ರಸ್ತೆ ಬದಿ ನಿಂತಿದ್ದ ಹಿರಿಯರೊಬ್ಬರು ನೀರಿನ ಕಡೆ ಕೈ ಮಾಡಿ, "ಅದು ನಮ್ಮ ಗದ್ದೆ" ಅಂದರು. ಮಳೆ ಬಾರದೆ ಹೊಲ ಒಣಗುವುದನ್ನು ನಾವು ನೋಡಿದ್ದೇವೆ, ಮುಂದಿನ ವರ್ಷ ಅಂತ ಕಾದಿದ್ದೇವೆ. ಅವರಿಗೆ ಆ ಮುಂದಿನ ವರ್ಷವೇ ಇಲ್ಲ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಪಕ್ಕದಲ್ಲಿ ನಿಂತೆ ಅಷ್ಟೇ.

ಅಂದಹಾಗೆ, ಬಾರಾಟಾಂಗ್ ದ್ವೀಪದ ಸುಣ್ಣದಕಲ್ಲಿನ ಗುಹೆಗೆ ಎಲ್ಲರೂ ಹೋಗುತ್ತಾರೆ. ನಾವು ಹೋಗಿಲ್ಲ, ಹೋಗುವುದೂ ಇಲ್ಲ. ಆ ರಸ್ತೆ ಜಾರವಾ ಬುಡಕಟ್ಟಿನ ಜನರ ಕಾಡಿನ ನಡುವೆಯೇ ಹಾದಿದೆ. ಗಾಡಿಯ ಕಿಟಕಿಯಿಂದ ಅವರನ್ನು ನೋಡುವ ಆಸೆಗೇ ಹೋಗುವವರಿದ್ದಾರೆ. ಕಪ್ಪತಗುಡ್ಡ ಉಳಿಯಲಿ ಅಂತ ಊರೂರು ತಿರುಗಿದವನು ನೀನು, ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಡುಗೆಮನೆ ಗೋಡೆಗೆ ಅವ್ವ ಕಳಿಸಿದ ಕನ್ನಡ ಕ್ಯಾಲೆಂಡರ್ ಇದೆ. ಹಬ್ಬಕ್ಕೆ ಅಂತ ತೂಗುಹಾಕಿದ್ದು, ಈಗ ಸಮುದ್ರಕ್ಕೂ ಅದೇ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಸೂರ್ಯ ಚಂದ್ರ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ನೀರನ್ನು ಎಳೆಯುತ್ತಾರೆ. ಉಬ್ಬರ ಜೋರು, ಇಳಿತವೂ ಜೋರು. ಆಗ ನೀರು ಹಿಂದೆ ಸರಿದ ಹೊತ್ತಿಗೆ ದಂಡೆಯ ಕಲ್ಲುಗಳ ಮೇಲೆ ದೂರದವರೆಗೆ ನಡೆಯಬಹುದು. ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ನೀವೆಲ್ಲ ಹೊಲದಲ್ಲಿ ಚರಗ ಚೆಲ್ಲುವಾಗ ನಾವು ದಂಡೆಯಲ್ಲಿದ್ದೆವು. ಸುಮಾ ಕಡಬು ಮಾಡಿದ್ದಳು. ಹವಳ, ಚಿಪ್ಪು ಯಾವುದನ್ನೂ ದಂಡೆಯಿಂದ ತರುವ ಹಾಗಿಲ್ಲ. ಮಗಳು ಎತ್ತಿ ನೋಡಿ, ಎಲ್ಲಿತ್ತೋ ಅಲ್ಲೇ ಇಡುತ್ತಾಳೆ.

ನೀನು ಬರಬೇಕು ಬಸು. ಜನವರಿ, ಫೆಬ್ರವರಿ ಒಳ್ಳೆಯದು. ಮೇ ತಿಂಗಳು ಬಂತೆಂದರೆ ಮಳೆ, ಕಾಡಿನ ದಾರಿ ತುಂಬ ಜಿಗಣೆ. ಚೆನ್ನೈನಿಂದ ಹಡಗಿದೆ, ಮೂರು ದಿನ ಹಿಡಿಯುತ್ತದೆ. ವಿಮಾನ ಎರಡು ತಾಸು ಚಿಲ್ಲರೆ. ಹಿಡಿತ ಚೆನ್ನಾಗಿರುವ ಬೂಟು ತಾ. ರೊಟ್ಟಿ ತರುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಾ. ಮಾಗಡಿ ಕೆರೆಗೆ ಈ ಸಲ ಬಾತುಗಳು ಬಂದವಾ, ಬರೆ. ಟಿಕೆಟ್ ತೆಗೆಸುವ ಮೊದಲು ನನಗೊಂದು ಮಾತು ಹೇಳು. ಕ್ಯಾಲೆಂಡರ್ ನೋಡಿ ಇಳಿತ ಯಾವಾಗ ಅಂತ ಲೆಕ್ಕ ಹಾಕಿ ದಿನ ಗೊತ್ತುಮಾಡೋಣ.

ಕಾಕಾ, ಕಾಕುಗೆ ನಮಸ್ಕಾರ ಹೇಳು.

ನಿನ್ನ,
ಮಂಜು